ಭುವನಾಳ ಬಯೋಡೇಟಾ

ನಾನು ಯೂನಿವರ್ಸಿಟಿ ಲೈಬ್ರರಿಯನ್. ಮೊಬೈಲಲ್ಲಿ ಬಂದಿದ್ದನ್ನೆಲ್ಲ ನಂಬೋ ಹುಡುಗರಿಗೆ ಬುದ್ಧಿ ಬರಲಿ ಅಂತ ಆರು ಪುಟ್ಟ ವಿಡಿಯೋ ಪಾಠ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದೆ. ಯಾವ ಕಾಲೇಜಿನವರು ಬೇಕಾದ್ರೂ ಪುಕ್ಕಟೆ ತಗೊಳ್ಳಿ, ತಿದ್ದಿಕೊಳ್ಳಿ, ಎಷ್ಟು ಸಲ ಬೇಕಾದ್ರೂ ಬಳಸಿ ಅಂತ ಬರೆದೂ ಇದ್ದೆ. ಬಳಸಿದರು ಮಾರಾಯ್ರೆ, ನನ್ನ ಮೇಲೇ ಬಳಸಿದರು!

ನನ್ನ ಮಗಳು ಭುವನಾ ಆಲ್ದೂರಲ್ಲಿ ಕಾಫಿ ಹುರಿಯೋ ಯೂನಿಟ್ ಹಾಕಿದ್ದಾಳೆ. ಮದುವೆಯಾದ ಮೇಲೂ ನಡೆಸ್ತೀನಿ ಅನ್ನೋದೊಂದೇ ಅವಳ ಹಟ. ಅದನ್ನ ಕೇಳಿ ಮೂರು ಸಂಬಂಧ ಮುರಿದಿತ್ತು. ನಾಲ್ಕನೇದು ಚಿಕ್ಕಮಗಳೂರಿನ ಬಟ್ಟೆ ಅಂಗಡಿಯವರದು, ಒಳ್ಳೇ ಜನ. ಇದೂ ಕೈತಪ್ಪೀತು ಅನ್ನೋ ಭಯಕ್ಕೆ ಬಯೋಡೇಟಾದಲ್ಲಿ ನಾನೇ ಒಂದು ಸಾಲು ಸೇರಿಸಿದೆ: 'ಮದುವೆಯ ನಂತರ ಯೂನಿಟ್ ಬಿಡಲು ಸಿದ್ಧ.' ಅವಳಿಗೆ ಹೇಳಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಂದು ಒಂದೇ ಅಲ್ವಾ!

ಭಾನುವಾರ ಹುಡುಗ ರೇಣುಕಪ್ರಸಾದ್ ಅಪ್ಪ ಗಂಗಾಧರಪ್ಪನವರ ಜೊತೆ ಬಂದ. ನನ್ನ ಹೆಂಡತಿ ಶಿವಗಂಗಮ್ಮ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ಭುವನಾ ಕಾಫಿ ಕೊಟ್ಟು ಎದುರಿಗೇ ಕೂತಳು. ಹುಡುಗ ಒಂದು ಗುಟುಕು ಕುಡಿದು, ಜೇಬಿಂದ ಬಯೋಡೇಟಾ ತೆಗೆದ.

"ಸಾರ್, ಇಷ್ಟು ಚೆನ್ನಾಗಿ ಹುರಿಯೋರು ಯೂನಿಟ್ ಬಿಡ್ತಾರೆ ಅಂತ ಬರೆದಿದೆಯಲ್ಲ, ಇದನ್ನ ಹೇಳಿದ್ದು ಯಾರು?"

"ಅಂದ್ರೆ?"

"ಬೇಜಾರು ಮಾಡ್ಕೋಬೇಡಿ. ಎಂ.ಕಾಂ. ಓದುವಾಗ ಲೈಬ್ರರಿಯಲ್ಲಿ ಒಂದು ವಿಡಿಯೋ ಪಾಠ ತೋರಿಸಿದ್ರು. ಹೇಳಿದ್ದು ಯಾರು, ಹಾಗೆ ಹೇಳಿದ್ರೆ ಅವರಿಗೇನು ಲಾಭ ಅಂತ ಕೇಳಬೇಕಂತೆ. ಅವತ್ತಿಂದ ಅದೇ ಚಟ ಆಗ್ಬಿಟ್ಟಿದೆ."

ಅಯ್ಯೋ ಶಿವನೇ, ನನ್ನ ಎರಡನೇ ಪಾಠ! ಬೇರೆ ಯೂನಿವರ್ಸಿಟಿಯವರು ತಮ್ಮ ದನಿ ಹಾಕಿಕೊಂಡು ತೋರಿಸಿದ್ದಾರೆ. ಕೇಸರಿಬಾತಿನ ತಟ್ಟೆ ಕೆಳಗಿಟ್ಟೆ.

ಹುಡುಗ ಭುವನಾ ಕಡೆ ತಿರುಗಿದ. "ನೀವೇ ಹೇಳಿ, ನಿಜಾನಾ?"

ಅವಳು ಹಾಳೆ ಇಸ್ಕೊಂಡು ಓದಿದಳು. "ಸುಳ್ಳು. ನಾನು ಬಿಡಲ್ಲ." ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಂಗಾಧರಪ್ಪನವರು ಕೆಮ್ಮಿದರು. "ಬ್ರೋಕರ್ ಬರೆದಿರಬೇಕು ಬಿಡಿ."

ಹೂಂ ಅನ್ನಿ ಅಂತ ಶಿವಗಂಗಮ್ಮ ಕಣ್ಣಲ್ಲೇ ತಿವಿದಳು. ಮಗಳ ಮುಖ ನೋಡಿ ನನ್ನ ಕೈಲಾಗಲಿಲ್ಲ.

"ಬ್ರೋಕರ್ ಅಲ್ಲ, ನಾನೇ ಬರೆದೆ. ಅವಳನ್ನ ಕೇಳಲೂ ಇಲ್ಲ. ತಪ್ಪಾಯ್ತು ಭುವನಾ. ಹಾಳಾದ್ದು, ಆ ಪಾಠ ಮಾಡಿದೋನೂ ನಾನೇ!"

ರೇಣುಕಪ್ರಸಾದ್ ಬಾಯಿ ತೆರೆದುಕೊಂಡು ಕೂತ. ಭುವನಾ ಪೆನ್ನು ಚಾಚಿದಳು. "ಆ ಸಾಲನ್ನ ನಿಮ್ಮ ಕೈಯಾರೆ ಹೊಡೆದು ಹಾಕಿ ಅಪ್ಪ." ನಾನು ಹೊಡೆದು ಹಾಕಿದೆ. ಎದೆ ಹಗುರಾಯಿತು. ಅವಳು ಅದರ ಕೆಳಗೆ 'ಯೂನಿಟ್ ಬಿಡುವುದಿಲ್ಲ' ಅಂತ ಬರೆದು, ಸಹಿ ಹಾಕಿ, ಹುಡುಗನ ಕೈಗಿಟ್ಟಳು.

ಅವನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ತನ್ನ ಅಪ್ಪನ ಕಡೆ ತಿರುಗಿದ. "ನನಗೆ ಒಪ್ಪಿಗೆ ಅಪ್ಪಾಜಿ."

"ತಡೀರಿ," ಅಂದಳು ಭುವನಾ. "ನಂದಿನ್ನೂ ಮುಗಿದಿಲ್ಲ. ನಿಮ್ಮ ಬಯೋಡೇಟಾ ಬರೆದಿದ್ದು ಯಾರು?"

ಗಂಗಾಧರಪ್ಪನವರು ತಲೆ ತಗ್ಗಿಸಿ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದರು.