ಭಾವನಿಗೆ ಸಿಗದ ಏಣಿ

ಅಪ್ಪ ತೀರಿಕೊಂಡ ವಾರದಲ್ಲೇ ಟೈಲರಮ್ಮನ ಭಾವ, ಅಂದರೆ ಅಕ್ಕನ ಗಂಡ, ಕಪಾಟಿನಲ್ಲಿದ್ದ ತಗಡಿನ ಫೈರ್ ಎಂಜಿನ್ ಎತ್ತಿಕೊಂಡು, "ರಿಪೇರಿ ಮಾಡಿಸಿ ತರ್ತೀನಿ" ಎಂದು ಹೋದ. ಹಳೇ ಕಾಲದ ಆಟಿಕೆ ಅದು. ಚಾವಿಯಿಲ್ಲ, ಬ್ಯಾಟರಿಯಿಲ್ಲ, ನೆಲಕ್ಕೊತ್ತಿ ನಾಲ್ಕು ಸಲ ಉಜ್ಜಿ ಬಿಟ್ಟರೆ ಹೊಟ್ಟೆಯೊಳಗಿನ ಭಾರದ ಚಕ್ರ ಗುಂಯ್ ಎಂದು ತಿರುಗಿ, ಗಾಡಿ ತಾನೇ ಗೋಡೆಯವರೆಗೂ ಓಡುತ್ತಿತ್ತು. ಅಪ್ಪ, ಮಗಳು ಎದುರುಬದುರು ಕೂತು ಅದನ್ನು ಓಡಿಸಿದ್ದಕ್ಕೆ ಲೆಕ್ಕವಿಲ್ಲ.

ಗಾಡಿ ಮರಳಲಿಲ್ಲ. ಭಾವನ ಗಾಜಿನ ಬೀರುವಿನಲ್ಲಿ, ಅವನು ಕೂಡಿಟ್ಟ ಇತರ ಆಟಿಕೆಗಳ ನಡುವೆ ಹೋಗಿ ಕೂತಿತು. ಕೇಳಿದರೆ, "ಮಾವನೋರೇ ಕೈಯಾರೆ ಕೊಟ್ಟಿದ್ದು" ಎಂದ.

ಗಾಡಿಯ ಮೇಲಿನ ಏಣಿ ಮಾತ್ರ ಎಂದೋ ಕಳೆದುಹೋಗಿತ್ತು. "ಏಣಿ ಒಂದು ಸಿಕ್ಬಿಟ್ರೆ ಇಂಥದ್ದು ಇನ್ಯಾರ ಹತ್ರಾನೂ ಇರಲ್ಲ" ಎಂದು ಭಾವ ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಆ ಮಾತು ಒಂದು ದಿನ ಟೈಲರಮ್ಮನ ಕಿವಿಗೂ ಬಿತ್ತು.

ಅಂದಿನಿಂದ ಅವಳು ಏಣಿಗಳ ಬೆನ್ನು ಬಿದ್ದಳು. ಹಳೇ ಸಾಮಾನಿನ ಸಂತೆ, ಗುಜರಿ ಅಂಗಡಿ, ಒಂದನ್ನೂ ಬಿಡಲಿಲ್ಲ. ಅಂಥದೇ ಮುರುಕು ಗಾಡಿ ಕಂಡರೆ ಏಣಿಯನ್ನಷ್ಟೇ ಕೊಂಡು ತರುವಳು.

"ಏನಮ್ಮಾ, ಸ್ವರ್ಗಕ್ಕೆ ಹತ್ತೋಕಾ ಇಷ್ಟೊಂದು ಏಣಿ?" ಎಂದು ಗುಜರಿಯವನು ನಕ್ಕ.

"ಇಲ್ಲಪ್ಪ, ಒಬ್ಬರನ್ನ ಕೆಳಗಿಳಿಸೋಕೆ."

ಭಾವ ಏಣಿ ಹುಡುಕಿಕೊಂಡು ಹೋದಲ್ಲೆಲ್ಲ "ಈಗ ತಾನೇ ಒಬ್ರು ತಗೊಂಡು ಹೋದ್ರು" ಎಂಬ ಉತ್ತರ. ಒಯ್ದವರು ಯಾರೆಂದು ಕೊನೆಗೂ ತಿಳಿದು, ಅವಳ ಹೊಲಿಗೆ ಅಂಗಡಿಗೇ ಬಂದ.

"ಒಂದೇ ಒಂದು ಕೊಡಮ್ಮಾ, ಕೈ ಮುಗೀತೀನಿ."

"ಗಾಡಿ ತನ್ನಿ ಭಾವ. ಕೂರುತ್ತೋ ಇಲ್ವೋ ನೋಡೋಣ."

ತಂದ. ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ಏಣಿ ಸಿಕ್ಕಿಸಿ, ಗಾಡಿಯನ್ನು ಉಜ್ಜಿ ಬಿಟ್ಟಳು. ಅದು ಮೇಜಿನುದ್ದಕ್ಕೂ ಜುಮ್ಮೆಂದು ಓಡಿತು. ಭಾವನ ಕಣ್ಣು ತುಂಬಿತು. ಅವಳಿಗೆ ಅಪ್ಪನ ನೆನಪಾಯಿತು. ಗಾಡಿಯನ್ನು ಅಲ್ಲೇ ಕಸಿದುಕೊಳ್ಳಬಹುದಿತ್ತು. ಆದರೆ ಕಳೆದುಕೊಂಡವನು ನಾಲ್ಕು ದಿನ ಅತ್ತು ಮರೆತುಬಿಡುತ್ತಾನೆ, ಇವನು ಮರೆಯಬಾರದು.

ಏಣಿ ಕಿತ್ತು ಜೇಬಿಗಿಳಿಸಿ, ಗಾಡಿಯನ್ನು ಅವನ ಕೈಗಿಟ್ಟಳು.

"ತಗೊಂಡು ಹೋಗಿ. ದಿನಾ ನೋಡ್ತಾ ಇರಿ."

ವಾರದೊಳಗೆ ಅಕ್ಕನ ಫೋನು. "ಊಟ ಸೇರ್ತಿಲ್ಲ ಕಣೇ ಅವರಿಗೆ. ಬೀರುಗೆ ಬಟ್ಟೆ ಮುಚ್ಚಿಬಿಟ್ಟಿದಾರೆ. ಇನ್ನಾದ್ರೂ ಬಿಡೇ."

"ಅಯ್ಯೋ ಪಾಪ" ಎಂದಳು ತಂಗಿ.

ಮಾರನೆಯ ಬೆಳಿಗ್ಗೆ ಎಂದಿಗಿಂತ ಬೇಗ ಸಂತೆಗೆ ಹೊರಟಳು. ಅದೇ ಬೀರುವಿನಲ್ಲಿ ಡ್ರೈವರ್ ಬೊಂಬೆಯಿಲ್ಲದ ಬಸ್ಸೊಂದು ಇರುವುದು ಅವಳಿಗೆ ನೆನಪಾಗಿತ್ತು.