ಎಡಗೈ ಅಜ್ಜಿಯ ಕೊಕ್ಕರೆ

ಬಟ್ಟೆಯ ಮಡಿಕೆ ಬಿಡಿಸಿದೊಡನೆ ವಾಕರಿಕೆ ಬಂತು. ಎರಡು ವರ್ಷ ಬೀರುವಿನಲ್ಲಿ ಮುಚ್ಚಿಟ್ಟ ಮುಗ್ಗಲು ವಾಸನೆ, ಅದರೊಳಗೆ ಹಳೆಯ ತಲೆಯೆಣ್ಣೆಯ ವಾಸನೆ. ಮಡಿಕೆಯ ಗೆರೆಯುದ್ದಕ್ಕೂ ಜಿರಳೆಯ ಹಿಕ್ಕೆ. ದಾರಗಳ ನಡುವೆ ಒಂದು ಬಿಳಿಕೂದಲು ಸಿಕ್ಕಿಕೊಂಡಿತ್ತು. ಎಳೆದೆ. ಬರುತ್ತಲೇ ಇತ್ತು.

“ಮೂಗು ಮುಚ್ಕೋಬೇಡ,” ಎಂದರು ಟೀಚರ್. “ಒಗೆದ್ರೆ ಹೋಗುತ್ತೆ. ಕೆಲಸ ನೋಡು, ಕೆಲಸ.”

ನೋಡಿದೆ. ಬೂದು ಕೊಕ್ಕರೆಯೊಂದು ಜೊಂಡಿನ ನಡುವೆ ಒಂಟಿಕಾಲಿನಲ್ಲಿ ನಿಂತಿತ್ತು. ರೆಕ್ಕೆಯೊಂದರಲ್ಲೇ ಏಳು ಬಗೆಯ ಬೂದುಬಣ್ಣ. ಒಂದಷ್ಟು ಜೊಂಡು ಮಾತ್ರ ಬಾಕಿಯಿತ್ತು. ನಮ್ಮ ಸಂಜೆಯ ಕಸೂತಿ ತರಗತಿಯಲ್ಲಿ ಅಂಥ ಕೈ ಒಬ್ಬರದೇ: ಎಡಗೈ ಅಜ್ಜಿಯದು. ಕಣ್ಣಿಗೆ ಪೊರೆ ಬಂದು ದಾರದ ಬಣ್ಣ ತಿಳಿಯದಂತಾದ ಮೇಲೆ ಅವರು ಬರುವುದನ್ನು ನಿಲ್ಲಿಸಿದ್ದರು.

“ಉಳಿದದ್ದನ್ನ ನೀನು ತುಂಬು. ಮುಂದಿನ ತಿಂಗಳ ಪ್ರದರ್ಶನಕ್ಕೆ ನಿನ್ನ ಹೆಸರಲ್ಲಿ ಹೋಗುತ್ತೆ. ಬಹುಮಾನ ಬಂದ್ರೆ ಹೊಸಬರ ಬ್ಯಾಚು ನಿಂದೇ.”

ಹಗಲೆಲ್ಲ ಇಸ್ತ್ರಿ ಅಂಗಡಿಯಲ್ಲಿ ಕಂಡವರ ಕಂಕುಳಿನ ಕರೆಯ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುವವಳಿಗೆ, ನಾಲ್ಕು ಜನ ‘ಮಿಸ್’ ಅಂತ ಕರೆಯಲಿ ಎಂಬ ಆಸೆ ತಪ್ಪೇ? ತಪ್ಪಿರಬಹುದು. ನನಗೆ ಈಗಲೂ ಸರಿಯಾಗಿ ತಿಳಿಯದು.

“ಅಜ್ಜಿ ಒಪ್ಪಿದಾರಾ?”

“ಅವರಿಗೆ ಬಾಗಿಲು ಯಾವ್ದು ಗೋಡೆ ಯಾವ್ದು ಅಂತ್ಲೇ ಕಾಣಲ್ಲ. ಪ್ರದರ್ಶನ ಕಟ್ಕೊಂಡು ಏನ್ ಮಾಡ್ತಾರೆ?” ಎಂದ ಟೀಚರ್ ದಾರದ ತುದಿಯನ್ನು ಬಾಯಿಗಿಟ್ಟು ಚೀಪಿ, ಚೂಪು ಮಾಡಿ, ಸೂಜಿಗೆ ಪೋಣಿಸಿ ನನ್ನ ಕೈಗಿತ್ತರು. ಒದ್ದೆ ದಾರ ಬೆರಳಿಗೆ ಅಂಟಿತು. ತೆಗೆದುಕೊಂಡೆ.

ಜೊಂಡಿಗೆ ಅಜ್ಜಿ ಸ್ಟೆಮ್ ಸ್ಟಿಚ್ ಹಾಕಿದ್ದರು. ಹಗ್ಗ ಹೊಸೆದಂತೆ ಕಾಣುವ ಹೊಲಿಗೆ ಅದು. ನಮ್ಮಲ್ಲಿ ಕಲಿಸುವ ಕ್ರಮದಲ್ಲಿ ಬಲಗೈಯವರ ಹೊಸೆತ ಒಂದು ಕಡೆ ವಾಲಿದರೆ ಎಡಗೈಯವರದು ಇನ್ನೊಂದು ಕಡೆ ವಾಲುತ್ತದೆ. ಅದು ನೆನಪಾಗದೆ ಬಾಕಿ ಜೊಂಡನ್ನೆಲ್ಲ ತುಂಬಿಬಿಟ್ಟೆ. ದೂರ ಹಿಡಿದು ನೋಡಿದರೆ ಒಂದೇ ಕೊಳದಲ್ಲಿ ಎರಡು ಕಡೆಯಿಂದ ಗಾಳಿ ಬೀಸಿದಂತಿತ್ತು. ಎರಡು ಕೈಯ ಕೆಲಸವೆಂದು ಹಿಡಿಯಲು ತೀರ್ಪುಗಾರರಿಗೆ ಅಷ್ಟು ಸಾಕು.

“ಬಿಚ್ಚು,” ಎಂದರು ಟೀಚರ್.

“ನಂದಾ?”

“ನಿಂದ್ಯಾಕೆ? ಅವರದ್ದು. ಎಲ್ಲಾ ಬಲಗೈ ಆಗ್ಲಿ.”

ನಾಲ್ಕು ಸಂಜೆ ಕೂತು ಅಜ್ಜಿಯ ಹನ್ನೊಂದು ಜೊಂಡು ಬಿಚ್ಚಿ, ಆ ಜಾಗದಲ್ಲಿ ನನ್ನವನ್ನು ಹಾಕಿದೆ. ಒಣಗಿದ ಗಾಯದ ಹಕ್ಕಳೆ ಕಿತ್ತಂತೆ ಒಂದೊಂದೇ ಹೊಲಿಗೆ ಎದ್ದು ಬರುತ್ತಿತ್ತು. ಮನೆಗೆ ಹೋಗಿ ಎಷ್ಟು ಸೋಪು ಹಚ್ಚಿದರೂ ಬೆರಳಿನಿಂದ ಆ ಎಣ್ಣೆಯ ವಾಸನೆ ಹೋಗಲಿಲ್ಲ.

“ಏನೇ ಇದು, ಚರ್ಮ ಕಿತ್ತು ಬರೋ ಹಾಗೆ ತೊಳೀತಿದೀಯ?” ಎಂದಳು ಅಕ್ಕ. “ಕೊಲೆ ಗಿಲೆ ಮಾಡ್ಬಂದ್ಯಾ?”

“ಇಲ್ಲ, ಕಸೂತಿ,” ಎಂದೆ.

ಐದನೆಯ ಸಂಜೆ ಅಜ್ಜಿಯೇ ಬಂದರು. ಕಣ್ಣಿಗೆ ಕಪ್ಪು ಕನ್ನಡಕ.

“ಟೀಚರಮ್ಮ, ಆಪರೇಷನ್ ಆಯ್ತು! ಸೂಜಿ ಕಣ್ಣೂ ಕಾಣುತ್ತೆ ಈಗ. ನನ್ನ ಕೊಕ್ಕರೆ ಕೊಟ್ಬಿಡಿ. ಪಾಪ, ಎರಡು ವರ್ಷದಿಂದ ಒಂಟಿಕಾಲಲ್ಲಿ ನಿಂತಿದೆ.”

“ಅಯ್ಯೋ ಅಜ್ಜಿ, ಅದನ್ನ ಹುಳ ತಿಂದ್ಬಿಡ್ತು. ಎಸೆದಾಯ್ತು.”

ಕೊಕ್ಕರೆ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿದ್ದ ಖಾಲಿ ಬಟ್ಟೆಯನ್ನು ಅದರ ಮೇಲೆ ಎಳೆದುಕೊಂಡೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಅಲ್ಲಿಯವರೆಗೆ ಟೀಚರನ್ನು ಕಂಡು ಹೇಸುತ್ತಿದ್ದವಳಿಗೆ ಈಗ ನನ್ನ ಕೈಯನ್ನು ಕಂಡೇ ಹೇಸಿಗೆಯಾಯಿತು.

“ಎಲ್ಲಾನೂ ತಿಂತಾ?”

“ಕಾಲೂ ಬಿಡ್ಲಿಲ್ಲ.”

“ಒಳ್ಳೆ ಹಸಿದ ಹುಳ,” ಎಂದ ಅಜ್ಜಿ ನಗಲು ನೋಡಿದರು. ಆಗಲಿಲ್ಲ. ಕಂಬಿ ಹಿಡಿದು ಮೆಟ್ಟಿಲಿಳಿದರು.

ಟೀಚರ್ ನನ್ನತ್ತ ತಿರುಗಿ ಮುಗುಳ್ನಕ್ಕರು. ನಾವಿಬ್ಬರೂ ಒಂದೇ ಎಂಬಂಥ ನಗು. ಹಲ್ಲಿನ ಸಂದಿಯಲ್ಲಿ ಬೂದು ದಾರದ ನಾರೊಂದು ಎಂಜಲಿನಲ್ಲಿ ನೆನೆದು ಹೊಳೆಯುತ್ತಿತ್ತು. ಕೊಕ್ಕರೆಯನ್ನು ಹಿಡಿದುಕೊಂಡೇ ಎದ್ದು ಓಡಿದೆ.

ಅಜ್ಜಿ ಕೊನೆಯ ಮೆಟ್ಟಿಲಲ್ಲಿದ್ದರು.

“ಅಜ್ಜಿ, ಆ ಹುಳ ನಾನೇ.”

ಅವರು ಬಟ್ಟೆಯನ್ನು ಕೈಗೆ ತೆಗೆದುಕೊಂಡು, ಎದುರುಭಾಗ ನೋಡದೆ ನೇರವಾಗಿ ಹಿಂಬದಿ ತಿರುಗಿಸಿದರು. ಉಗುರಿಟ್ಟು ತೋರಿಸಿದರು. “ಇಲ್ಲಿಂದ ನೀನು. ಇಲ್ಲೂ ನೀನು. ನಂದು ಬಿಚ್ಚಿದೀಯ.”

“ಹೌದು.”

“ನಾನು ಮೇಲೆ ಮಾತಾಡ್ತಿದ್ದಾಗ ನೀನು ಅಲ್ಲೇ ಕೂತಿದ್ದೆ.”

“ಹೌದು.”

“ಚೆನ್ನಾಗೇ ಹಾಕಿದೀಯ,” ಎಂದರು. “ಅದನ್ನ ನೋಡಿದ್ರೇ ಹೊಟ್ಟೆ ತೊಳಸುತ್ತೆ.”

ಅಲ್ಲೇ ಮೆಟ್ಟಿಲ ಮೇಲೆ ಕೂತು ಕೈ ಚಾಚಿದರು. ನನ್ನ ಕುತ್ತಿಗೆಯಲ್ಲಿ ತೂಗುತ್ತಿದ್ದ ಪುಟ್ಟ ಕತ್ತರಿ ಬಿಚ್ಚಿ ಕೊಟ್ಟೆ. ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನನ್ನ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸತೊಡಗಿದರು.

“ಕಂಬದ ಹಾಗೆ ನಿಂತಿರ್ತೀಯಾ? ಎಳೆದು ಹಿಡಿ, ಸಡಿಲ ಆಗ್ತಿದೆ.”

ಕೂತು ಹಿಡಿದೆ. ಮೇಲಿನಿಂದ ಟೀಚರ್ ಕೂಗಿದರು: “ಈಗ ಮೇಲೆ ಬಂದ್ರೆ ಬಂದೆ. ಇಲ್ದಿದ್ರೆ ನಾಳೆಯಿಂದ ಈ ಮೆಟ್ಟಿಲು ಹತ್ಬೇಡ!”

ಅಜ್ಜಿ ತಲೆಯೆತ್ತಲಿಲ್ಲ. “ಹೋಗ್ತೀಯಾ?”

“ಇಲ್ಲ.”

“ಹಾಗಾದ್ರೆ ಅಲ್ಲಾಡ್ಬೇಡ,” ಎಂದು ಮುಂದಿನ ಜೊಂಡಿಗೆ ಕತ್ತರಿ ಇಟ್ಟರು.