ಕೊಟ್ಟಿಗೆಯ ಮೊಳೆಗೆ ತೂಗುಹಾಕಿದ ಅಂಗಿ

ಸೀಸ ಕರಗಿಸುವ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದಿನವಿಡೀ ಬೆಂದು ಬರುತ್ತಿದ್ದ ಅವನನ್ನು ಸಂಜೆ ಎದುರುಗೊಳ್ಳುತ್ತಿದ್ದದ್ದು ಹೆಂಡತಿಯಲ್ಲ, ಕರು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಹೆಣ್ಣುಕರು, ಚುಕ್ಕಿ. ಅವನ ಬೆವರಿನ ತೋಳನ್ನು ಅದು ನೆಕ್ಕಿದ್ದೇ ನೆಕ್ಕಿದ್ದು. "ಹೊಟ್ಟೆಗೆ ಹಾಕೋಳು ನಾನು, ಮುದ್ದೆಲ್ಲ ನಿಮಗೆ," ಎಂದು ಹೆಂಡತಿ ಮೂತಿ ತಿರುವುತ್ತಿದ್ದಳು. ಅವನಿಗೆ ಒಳಗೊಳಗೇ ಹೆಮ್ಮೆ.

ಮಗಳು ಅಂಬೆಗಾಲಿಡುವ ನೆಲ, ಕುಲುಮೆಯ ದೂಳು ಹೊಸಿಲು ದಾಟಕೂಡದು ಎಂಬುದು ಹೆಂಡತಿಯ ಕಟ್ಟಪ್ಪಣೆ. ಹಾಗಾಗಿ ಅವನು ಅಂಗಿಯನ್ನು ಕೊಟ್ಟಿಗೆಯ ಮೊಳೆಗೆ ತೂಗುಹಾಕಿ, ಹಿತ್ತಲಲ್ಲಿ ಸ್ನಾನ ಮುಗಿಸಿಯೇ ಒಳಗೆ ಬರುತ್ತಿದ್ದ. ಬೆಳಿಗ್ಗೆ ನೋಡಿದರೆ ಅಂಗಿಯ ತೋಳು ಮೊಣಕೈವರೆಗೂ ಲಕಲಕ. ನಮ್ಮಲ್ಲಿ ಬಟ್ಟೆ ಒಗೆಯಲು ಕರು ಇಟ್ಟಿದ್ದೇವೆ ಎಂದು ಕಾರ್ಖಾನೆಯಲ್ಲೆಲ್ಲ ಕೊಚ್ಚಿಕೊಂಡಿದ್ದ.

ಒಂದು ದಿನ ಚುಕ್ಕಿ ಮೇವು ಮೂಸಲಿಲ್ಲ. ಗೋಡೆಗೆ ಹಣೆಯೊತ್ತಿ, ಹಲ್ಲು ಕಡಿಯುತ್ತ ನಿಂತಿತ್ತು. ಕರೆದರೆ ತಿರುಗಿತು, ಎದುರಿಗಿದ್ದ ಬಕೆಟ್ಟನ್ನೇ ಎಡವಿ ಉರುಳಿಸಿತು. ಕಣ್ಣು ಕಾಣುತ್ತಿಲ್ಲ.

ದನದ ಡಾಕ್ಟರಮ್ಮ ರಕ್ತ ತೆಗೆದುಕೊಂಡು ಹೋದವರು ಮರುದಿನ ಬಂದು, ಸೀಸ ಏರಿದೆ ಎಂದರು. ಅವನು ಒಪ್ಪಲಿಲ್ಲ. ಚಿಮಣಿಗೆ ಹೋದ ವರ್ಷವೇ ಹೊಗೆ ಸೋಸುವ ಯಂತ್ರ ಕೂರಿಸಿದ್ದಾರೆ, ಅದೇ ಬಯಲಲ್ಲಿ ಮೇಯುವ ಪಕ್ಕದ ಮನೆಯ ದನಗಳು ಗುಂಡುಕಲ್ಲಿನಂತಿವೆ, ನಮ್ಮದಕ್ಕೇ ಹೇಗೆ ಏರಿತು ಎಂದು ವಾದಕ್ಕೆ ನಿಂತ. ಡಾಕ್ಟರಮ್ಮ ಮೊಳೆಯ ಕಡೆ ನೋಡುತ್ತಿದ್ದರು.

"ಈ ಅಂಗಿ ಯಾರು ಒಗೆದಿದ್ದು?"

ರೂಢಿಯ ತಮಾಷೆಗೆ ಬಾಯಿ ತೆರೆದವನು ಅರ್ಧಕ್ಕೇ ನಿಂತ.

"ಕಣ್ಣು ಬರುತ್ತಾ, ಅಮ್ಮಾ?"

"ಇಂಜೆಕ್ಷನ್ ಶುರು ಮಾಡ್ತೀನಿ. ಬಂದರೂ ಬರಬಹುದು. ಆದರೆ ಈ ಅಂಗಿ ಇನ್ನು ಕಾರ್ಖಾನೆ ಗೇಟು ದಾಟಬಾರದು. ಮಗು ರಕ್ತಾನೂ ಒಮ್ಮೆ ಪರೀಕ್ಷೆ ಮಾಡಿಸಿ."

ಮಗುವಿನ ರಕ್ತದಲ್ಲಿ ಏನೂ ಇರಲಿಲ್ಲ. ಗಂಡ ಹೆಂಡತಿ ಅಂದು ಹೊಟ್ಟೆ ತುಂಬ ಉಂಡರು. ಕಾರ್ಖಾನೆಯಲ್ಲಿ ಅವನು ತನ್ನ ತಮಾಷೆಯ ಉಳಿದರ್ಧವನ್ನೂ ಹೇಳಬೇಕಾಯಿತು. ಮೊದಲರ್ಧಕ್ಕೆ ನಕ್ಕವರೆಲ್ಲ ತಂತಮ್ಮ ತೋಳು ನೋಡಿಕೊಂಡರು. ಮರುದಿನ ಮ್ಯಾನೇಜರ ಬಾಗಿಲಲ್ಲಿ ಹದಿನೇಳು ಜನ ನಿಂತರು, ಕುಲುಮೆ ಹೊತ್ತಿಸಲಿಲ್ಲ. ವಾರದೊಳಗೆ ಗೇಟಿನ ಪಕ್ಕ ಸ್ನಾನದ ಮನೆ ಎದ್ದಿತು, ಬಟ್ಟೆ ಒಗೆಯುವ ಯಂತ್ರ ಬಂತು. ಕರುವಿಗೆ ರಜೆ ಸಿಕ್ಕಿತು ಎಂದು ಯಾರೋ ಅಂದರು.

ಮೂರನೆಯ ವಾರ ಅವನು ಸೋಪು ಘಮಘಮಿಸುತ್ತ ಕೊಟ್ಟಿಗೆಗೆ ಬಂದ. ಚುಕ್ಕಿ ತಲೆಯೆತ್ತಿ ಹತ್ತಿರ ಬಂತು, ಅವನನ್ನು ಮೂಸಿತು, ಒಂದು ಸೀನು ಸೀನಿತು. ಯಾರೋ ಅಪರಿಚಿತ ಎಂಬಂತೆ ತಿರುಗಿ ಹೆಂಡತಿಯ ಕಡೆ ನಡೆದು ಅವಳ ಅಂಗೈ ನೆಕ್ಕತೊಡಗಿತು. ಅಂಗೈಯಲ್ಲಿ ಉಪ್ಪಿನ ಹರಳು ಬಚ್ಚಿಟ್ಟುಕೊಂಡಿದ್ದವಳು ಮಹಾ ಗತ್ತಿನಿಂದ ಅವನನ್ನು ನೋಡಿದಳು.

"ಹೊಟ್ಟೆ ಉರೀತಾ ಇದೆಯಾ?"

ಅವನು ಅವಳನ್ನೂ ನೋಡಲಿಲ್ಲ, ಕರುವನ್ನೂ ನೋಡಲಿಲ್ಲ. ಅವನಿಗೂ ಅವರಿಬ್ಬರಿಗೂ ನಡುವೆ, ಕರು ಬಳಸಿಕೊಂಡು ಹೋದ ಜಾಗದಲ್ಲಿ, ಬಕೆಟ್ಟು ನೆಟ್ಟಗೆ ನಿಂತಿತ್ತು. ಒಂದು ತೊಟ್ಟೂ ಚೆಲ್ಲಿರಲಿಲ್ಲ.